ಹೊಸ ಕಾರಿನ ಎಡ ಹಿಂಬಾಗಿಲು: ನನ್ನ ಅನುಭವ

ಮೇಷ್ಟ್ರು ಕಾರು ತಂದು ನಿಲ್ಲಿಸಿದಾಗ ಬೆಳಗ್ಗೆ ಹತ್ತೂವರೆ. ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ನನ್ನ ಪೇಂಟಿಂಗ್ ಶೆಡ್. ಅವರದು ಸಿಲ್ವರ್ ಬಣ್ಣದ ಹೊಸ ಕಾರು, ನಿವೃತ್ತಿಯಾದಾಗ ಬಂದ ದುಡ್ಡಿನಲ್ಲಿ ತೆಗೆದುಕೊಂಡಿದ್ದು. ಆಯುಧಪೂಜೆಯ ಹಿಂದಿನ ದಿನ ಸಂಜೆ ಡೆಲಿವರಿ ಆಗಿತ್ತು. ಇನ್ನೂ ಒಂದು ತಿಂಗಳು ತುಂಬಿರಲಿಲ್ಲ.

“ಈ ಹಿಂದಿನ ಬಾಗಿಲು ನಮ್ಮ ಕಾರಿಂದು ಅಂತ ಅನ್ನಿಸ್ತಾನೇ ಇಲ್ಲ ಕಣಪ್ಪಾ. ಬಂಪರೂ ಒಂಚೂರು ಬೇರೆ ಥರ. ಶೋರೂಮಿನೋರು ಸಿಲ್ವರ್ ಅಂದ್ರೆ ಬಿಸಿಲಲ್ಲಿ ಹಂಗೇ ಕಾಣೋದು ಅಂತಾರೆ. ನನ್ನ ಕಣ್ಣೇ ಸರಿಯಿಲ್ವೇನೋ.”

ಅವರ ಕಣ್ಣು ಸರಿಯಾಗೇ ಇತ್ತು. ಹೊಸ ಕಾರಿನ ಶೇಡ್ ವ್ಯತ್ಯಾಸ ತೋರಿಸಲು ಹೋದವರಿಗೆಲ್ಲ ಇದೇ ಉತ್ತರ ಸಿಗುತ್ತದೆ, ಅವರು ತಮ್ಮ ಕಣ್ಣನ್ನೇ ಅನುಮಾನಿಸಿಕೊಂಡು ಮನೆಗೆ ಹೋಗುತ್ತಾರೆ. ಅದು ನನಗೆ ತುಂಬ ಬೇಜಾರಿನ ಸಂಗತಿ.

ಮೊದಲು ಕಾರು ತೊಳೆಸಿದೆ. ಧೂಳಿನ ಮೇಲೆ ಶೇಡ್ ನೋಡಬಾರದು. ಆಮೇಲೆ ಶೆಡ್ಡಿನಿಂದ ಹೊರಗೆ ತಂದು, ಬಿಸಿಲು ನನ್ನ ಬೆನ್ನಿಗೆ ಬೀಳುವ ಹಾಗೆ ನಿಲ್ಲಿಸಿಕೊಂಡೆ. ಎದುರಿಗೆ ನಿಂತು ನೋಡಿದರೆ ಎಡಗಡೆಯ ಎರಡು ಬಾಗಿಲೂ ಒಂದೇ ಬಣ್ಣ. ಹೆಡ್‌ಲೈಟಿನ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕಾರಿನ ಉದ್ದಕ್ಕೂ ಕಣ್ಣು ಹಾಯಿಸಿದಾಗ ಕಂಡಿತು: ಫೆಂಡರ್ (ಮುಂಚಕ್ರದ ಮೇಲಿನ ತಗಡು), ಮುಂದಿನ ಬಾಗಿಲು ಗಾಢ ಬೂದಿ ಬಣ್ಣಕ್ಕೆ ತಿರುಗಿದ್ದವು, ಹಿಂದಿನ ಬಾಗಿಲು ಮಾತ್ರ ಹಾಲು ಕಲಸಿದಂತೆ ಬಿಳಿಚಿಕೊಂಡಿತ್ತು. ಅದರ ಹಿಂದಿನ ಪೀಸು, ಅಂದರೆ ಹಿಂಚಕ್ರದ ಮೇಲಿನ ತಗಡು, ಮತ್ತೆ ಗಾಢ. ಡೆಲಿವರಿಯ ಸಂಜೆ ಶೋರೂಮಿನ ದೀಪದ ಕೆಳಗೆ, ಹೂವಿನ ಹಾರ ಹಾಕಿ ಎದುರಿಗೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಇದು ಯಾರಿಗೂ ಕಾಣುವುದಿಲ್ಲ.

ಸಿಲ್ವರ್ ಪೇಂಟಿನೊಳಗೆ ಅಲ್ಯೂಮಿನಿಯಂನ ತೀರಾ ಸಣ್ಣ, ತೆಳ್ಳಗಿನ ಚಕ್ಕೆಗಳಿರುತ್ತವೆ. ಅವು ಚಪ್ಪಟೆಯಾಗಿ ಒಂದರ ಪಕ್ಕ ಒಂದು ಮಲಗಿದರೆ ಎದುರಿನಿಂದ ಹೊಳಪು, ಓರೆಯಿಂದ ಗಾಢ. ಅಡ್ಡಾದಿಡ್ಡಿ ನಿಂತರೆ ಎದುರಿನಿಂದ ಮಂಕು, ಓರೆಯಿಂದ ತಿಳಿ. ಡಬ್ಬಿಯಲ್ಲಿರುವುದು ಅದೇ ಪೇಂಟ್. ಸ್ಪ್ರೇ ಗನ್ ಹಿಡಿದ ದೂರ, ಗಾಳಿಯ ಒತ್ತಡ, ಥಿನ್ನರ್ ಆರುವ ವೇಗ ಬದಲಾದರೆ ಚಕ್ಕೆ ಮಲಗುವ ರೀತಿ ಬದಲಾಗುತ್ತದೆ, ಅದರ ಜೊತೆಗೆ ಶೇಡೂ ಬದಲಾಗುತ್ತದೆ. ಹಾಗಾಗಿ ಇಂಥ ಬಣ್ಣವನ್ನು ಒಂದೇ ಕಡೆಯಿಂದ ನೋಡಿ ಪಕ್ಕದ ಬಣ್ಣಕ್ಕೆ ಕೂಡಿತು ಎನ್ನಬಾರದು.

ಬಂಪರಿನ ಕಥೆ ಬೇರೆ. ಕಾರಿನ ಉಕ್ಕಿನ ಮೈಯನ್ನು ಕಾರ್ಖಾನೆಯಲ್ಲಿ ಸುಮಾರು 140 ಡಿಗ್ರಿಯ ಓವನ್ನಿನಲ್ಲಿ ಬೇಯಿಸುತ್ತಾರೆ. ಪ್ಲಾಸ್ಟಿಕ್ ಬಂಪರ್ ಆ ಶಾಖಕ್ಕೆ ಸೊಟ್ಟಗಾಗುತ್ತದೆ. ಅದಕ್ಕೆ ಸುಮಾರು 80 ಡಿಗ್ರಿಯಲ್ಲಿ ಆರುವ ಬೇರೆ ಪೇಂಟ್. ಎಷ್ಟೋ ಸಲ ಬೇರೆ ಘಟಕದಲ್ಲಿ, ಬೇರೆ ದಿನ ಹೊಡೆದು ಆಮೇಲೆ ತಂದು ಜೋಡಿಸಿದ್ದೂ ಇರುತ್ತದೆ. ಇಷ್ಟೆಲ್ಲ ಬೇರೆಯಾದ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುವುದು ಸಹಜ. ಜೊತೆಗೆ ಬಂಪರ್ ಬಾಗಿರುತ್ತದೆ, ಅದರ ಮೇಲೆ ಬೆಳಕು ಬೀಳುವ ಕೋನವೇ ಬೇರೆ. ಮೇಷ್ಟ್ರಿಗೆ ಇದನ್ನು ಬಾಯಲ್ಲಿ ಹೇಳದೆ, ಶೇಡ್ ನೋಡಲೆಂದು ಒಂದೇ ಕೈಯಲ್ಲಿ ಪೇಂಟ್ ಹೊಡೆದಿದ್ದ ಎರಡು ಸಿಲ್ವರ್ ಕಾರ್ಡ್ ತಂದು ಒಂದನ್ನು ನೆಟ್ಟಗೆ, ಇನ್ನೊಂದನ್ನು ಸ್ವಲ್ಪ ಓರೆಯಾಗಿ ಹಿಡಿದೆ. “ಇವು ಎರಡು ಬಣ್ಣ ಅಲ್ವೇನಯ್ಯಾ?” ಅಂದರು. ಓರೆ ಹಿಡಿದಿದ್ದನ್ನು ನೆಟ್ಟಗೆ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನಂತರ ಮೀಟರ್ ತೆಗೆದೆ. ಪೇಂಟಿನ ದಪ್ಪ ಅಳೆಯುವ ಅಂಗೈಯಷ್ಟು ಉಪಕರಣ, ಲೋಹದ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಪ್ಲಾಸ್ಟಿಕ್ ಬಂಪರಿನ ಮೇಲೆ ಏನೂ ತೋರಿಸುವುದಿಲ್ಲ. ಬಾನೆಟ್ 114 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್), ಎಡ ಫೆಂಡರ್ 118, ಮುಂದಿನ ಬಾಗಿಲು 109. ಬಲಗಡೆ ಹಿಂಬಾಗಿಲು 115. ಎಡ ಹಿಂಬಾಗಿಲಿಗೆ ಇಟ್ಟಾಗ 262. ಹ್ಯಾಂಡಲಿನ ಕೆಳಗೆ ಇನ್ನೂ ಜಾಸ್ತಿ. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದು ಪ್ರತಿಯೊಂದನ್ನೂ ಬರೆದುಕೊಂಡರು. ಕಿಟಕಿಯ ರಬ್ಬರನ್ನು ಉಗುರಿನಿಂದ ಎತ್ತಿ ನೋಡಿದರೆ ಅದರಡಿ ಸಣ್ಣ ಮೆಟ್ಟಿಲಿನಂತೆ ಪೇಂಟಿನ ಅಂಚು. ಟೇಪ್ ಹಾಕಿ ಹೊಡೆದ ಗುರುತು. ಕೀಲಿನ ಬೋಲ್ಟುಗಳ ತಲೆಯ ಮೇಲಿನ ಬಣ್ಣ ಮಾತ್ರ ಬಿಟ್ಟಿರಲಿಲ್ಲ, ಅಂದರೆ ಬಾಗಿಲು ಬದಲಾಯಿಸಿಲ್ಲ, ಇದ್ದ ಬಾಗಿಲಿಗೇ ಇನ್ನೊಂದು ಸಲ ಪೇಂಟ್ ಆಗಿದೆ.

ಇಲ್ಲಿ ಒಂದು ವಿಷಯದಲ್ಲಿ ಎಚ್ಚರ ಬೇಕು. ದಪ್ಪ ಜಾಸ್ತಿ ಇದೆ ಅಂದ ಮಾತ್ರಕ್ಕೆ ಶೋರೂಮಿನವರೇ ಗುದ್ದಿಸಿದರು ಎಂದು ಹೇಳಲು ಬರುವುದಿಲ್ಲ. ಕಾರ್ಖಾನೆಯೊಳಗೇ ಗೀರು ಬಿದ್ದ ಪೀಸನ್ನು ರಿಪೇರಿ ಮಾಡುತ್ತಾರೆ, ಲಾರಿಯಲ್ಲಿ ಬರುವಾಗ ತಾಗಿರಬಹುದು, ಯಾರ್ಡಿನಲ್ಲಿ ತಾಗಿರಬಹುದು. “ಪುನಃ ಪೇಂಟ್ ಆಗಿದೆ ಅಂತ ನಾನು ಬರೆದುಕೊಡ್ತೀನಿ ಮೇಷ್ಟ್ರೇ. ಯಾರು ಮಾಡಿದ್ರು ಅಂತ ನನ್ನಿಂದ ಹೇಳೋಕಾಗಲ್ಲ” ಅಂದೆ. ಅವರು ಅಳತೆಗಳ ಪಟ್ಟಿ, ಬಿಸಿಲಿನಲ್ಲಿ ಓರೆಯಿಂದ ತೆಗೆದ ಫೋಟೊ, ರಬ್ಬರಿನಡಿಯ ಅಂಚಿನ ಫೋಟೊ ಇಟ್ಟು ಲಿಖಿತ ದೂರು ಕೊಟ್ಟರು. ಮೂರು ವಾರ ಓಡಾಡಿಸಿದ ಮೇಲೆ ಶೋರೂಮಿನವರು ಖರ್ಚು ಕೊಡಲು ಒಪ್ಪಿದರು. ಬಾಯಿಮಾತಿನಲ್ಲಿ ಹೋಗಿದ್ದರೆ ಒಪ್ಪುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ರಿಜಿಸ್ಟ್ರೇಷನ್ ಆಗುವ ಮೊದಲೇ, ಹಗಲು ಬೆಳಕಿನಲ್ಲಿ ಮೀಟರ್ ಇಟ್ಟು ನೋಡಿದ್ದರೆ ಈ ಮೂರು ವಾರವೂ ಉಳಿಯುತ್ತಿತ್ತು.

ಆ ಹಾಲುಬಿಳುಪು ಎಲ್ಲಿಂದ ಬಂದಿರಬಹುದು ಎಂದು ನನಗೆ ನೋಡಿದ ಕೂಡಲೇ ಅನ್ನಿಸಿತ್ತು, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಿಲ್ವರ್ ಫೆಂಡರಿಗೆ ಶೇಡ್ ಸ್ವಲ್ಪ ಗಾಢ ಬಂತೆಂದು ಬಿಳಿ ಟಿಂಟರ್, ಅಂದರೆ ಶೇಡ್ ಬದಲಿಸಲು ಸೇರಿಸುವ ಬಣ್ಣ, ಬೆರೆಸಿದೆ. ಎದುರಿನಿಂದ ಚೆನ್ನಾಗಿ ಕೂಡಿತು. ಮೆಟಾಲಿಕ್ಕಿಗೆ, ಅಂದರೆ ಚಕ್ಕೆಯಿರುವ ಪೇಂಟಿಗೆ, ಬಿಳಿ ಬಿದ್ದರೆ ಓರೆನೋಟವೆಲ್ಲ ಸುಣ್ಣದ ನೀರಿನಂತಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ಕಾರಿನ ಯಜಮಾನರು ಏನೂ ಅನ್ನದೆ ದುಡ್ಡು ಕೊಟ್ಟು ಹೋದರು. ವರ್ಷಗಟ್ಟಲೆ ಬಿ.ಎಚ್. ರಸ್ತೆಯಲ್ಲಿ ಆ ಕಾರು ಕಂಡಾಗಲೆಲ್ಲ ಆ ಫೆಂಡರ್ ದೂರದಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ಅವತ್ತಿನಿಂದ ಸಿಲ್ವರಿಗೆ ಬಿಳಿ ಮುಟ್ಟಿಸಿಲ್ಲ.

ಕಾರಿನ ಕಂಪನಿ ಪ್ಲೇಟಿನಲ್ಲಿದ್ದ ಕಲರ್ ಕೋಡ್ ತೆಗೆದುಕೊಂಡು ಪೇಂಟ್ ಅಂಗಡಿಗೆ ಹೋದೆ. ಒಂದೇ ಕೋಡಿಗೆ ಕಂಪ್ಯೂಟರಿನಲ್ಲಿ ಒಂದಕ್ಕಿಂತ ಹೆಚ್ಚು ಫಾರ್ಮುಲಾ ಇರುತ್ತವೆ: ಮೂಲದ್ದು, ಸ್ವಲ್ಪ ದಪ್ಪ ಚಕ್ಕೆಯದು, ಸ್ವಲ್ಪ ನೀಲಿ ಕಡೆಯದು, ಹೀಗೆ. ಮೂರರಲ್ಲೂ ನೂರು ನೂರು ಗ್ರಾಂ ಮಾಡಿಸಿಕೊಂಡು ಬಂದು ಕಾರ್ಡಿನ ಮೇಲೆ ಹೊಡೆದೆ. ಕಾರ್ಡಿಗೂ ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಕೋಟು) ಹೊಡೆದು ಪೂರ್ತಿ ಆರಿಸಲೇಬೇಕು, ಅದರಡಿಯ ಬಣ್ಣದ ಬೇಸ್ ಕೋಟ್ ಮಾತ್ರ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ. ಎರಡನೆಯ ಫಾರ್ಮುಲಾ ಎದುರಿನಿಂದಲೂ ಓರೆಯಿಂದಲೂ ಹತ್ತಿರ ಬಂತು. ಅದನ್ನೇ ಗನ್ನಿನ ವೇಗ ಬದಲಿಸಿ ಇನ್ನೆರಡು ಕಾರ್ಡಿಗೆ ಹೊಡೆದೆ. ಬಿಸಿಲಲ್ಲಿ, ನೆರಳಲ್ಲಿ, ರಾತ್ರಿ ಟ್ಯೂಬ್‌ಲೈಟಿನಲ್ಲಿ ಮೂರೂ ಹೊತ್ತು ನೋಡಿದೆ. ಹಗಲಲ್ಲಿ ಕೂಡಿದ ಬಣ್ಣ ಟ್ಯೂಬ್‌ಲೈಟಿನಡಿ ಬೇರೆಯಾಗುವುದುಂಟು.

ಮರುದಿನ ಮುಂದಿನ ಬಾಗಿಲಿನ ಕ್ಲಿಯರನ್ನು ಉಜ್ಜುವ ಪೇಪರ್ ಹಿಡಿದು ಉಜ್ಜಲು ಹೊರಟಾಗ ಮೇಷ್ಟ್ರು ಗಾಬರಿಯಾದರು.

“ಕೆಟ್ಟಿರೋದು ಹಿಂದಿನದಲ್ವೇನಪ್ಪಾ? ಚೆನ್ನಾಗಿರೋದನ್ನ ಯಾಕೆ ಮುಟ್ತೀಯ?”

“ಎಷ್ಟೇ ಕೂಡಿದ್ರೂ ಒಂದು ಚೂರು ವ್ಯತ್ಯಾಸ ಉಳಿಯುತ್ತೆ ಮೇಷ್ಟ್ರೇ. ಎರಡು ಬಾಗಿಲ ಸಂದಿಯಲ್ಲಿ ಅದು ನಿಂತರೆ ಕಣ್ಣಿಗೆ ಗೆರೆ ಹೊಡೆದ ಹಾಗೆ ಕಾಣುತ್ತೆ. ಅದನ್ನೇ ಮುಂದಿನ ಬಾಗಿಲಿನ ಅರ್ಧದವರೆಗೂ ಮೆಲ್ಲಗೆ ಕರಗಿಸಿಬಿಟ್ಟರೆ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ಗೊತ್ತಾಗಲ್ಲ.”

ಈ ಬ್ಲೆಂಡಿಂಗಿಗೆ ಒಪ್ಪಿಸುವುದೇ ನಮ್ಮ ಕೆಲಸದಲ್ಲಿ ಕಷ್ಟ. ಗಿರಾಕಿಗೆ ಕಾರಿನ ಒಳ್ಳೆಯ ಪೀಸು ಮುಟ್ಟಿದ ಸಂಕಟ, ಬಿಲ್ ಕೊಡುವವರಿಗೆ ಮೂರು ಪೀಸಿನ ಖರ್ಚು. ಆದರೆ ಮೆಟಾಲಿಕ್ಕಿನಲ್ಲಿ ಒಂದೇ ಪೀಸು ಹೊಡೆದು ಕೈತೊಳೆದುಕೊಂಡರೆ ಮೇಷ್ಟ್ರ ಕಾರಿಗೆ ಮೊದಲು ಆಗಿದ್ದೇ ಮತ್ತೆ ಆಗುತ್ತದೆ.

ಹಿಂದಿನ ಬಾಗಿಲಿನ ಹಳೇ ಪೇಂಟನ್ನು ಪುಟ್ಟಿಯವರೆಗೆ ಇಳಿಸಿದೆ. ಹ್ಯಾಂಡಲಿನ ಕೆಳಗೆ ಅಂಗೈ ಅಗಲ ತಗ್ಗು ತುಂಬಿದ್ದರು, ಕೆಲಸ ಗಟ್ಟಿಯಾಗೇ ಇತ್ತು, ಅದನ್ನು ಹಾಗೇ ಉಳಿಸಿಕೊಂಡೆ. ಪ್ರೈಮರ್ ಆದ ಮೇಲೆ ಗನ್ನಿನ ಗಾಳಿಯ ಒತ್ತಡ 2 ಬಾರ್‌ಗೆ ಇಟ್ಟು, ಒಂದು ಗೇಣು ದೂರದಿಂದ ಎರಡು ಕೋಟು ಹದವಾಗಿ ಹೊಡೆದೆ. ಮೂರನೆಯದನ್ನು ಇನ್ನೂ ಸ್ವಲ್ಪ ದೂರದಿಂದ, ಮಂಜು ಬಿದ್ದ ಹಾಗೆ. ಈ ಕೊನೆಯ ಕೋಟಿನಲ್ಲೇ ಚಕ್ಕೆಗಳು ಸಮನಾಗಿ ಕೂರುವುದು, ಮೋಡಮೋಡವಾದ ಕಲೆ ಹೋಗುವುದು. ಪ್ರತಿ ಕೋಟನ್ನೂ ಮುಂದಿನ ಬಾಗಿಲಿನ ಕಡೆಗೂ ಹಿಂದಿನ ಪೀಸಿನ ಕಡೆಗೂ ಒಂದಕ್ಕಿಂತ ಒಂದು ಸ್ವಲ್ಪ ಆಚೆಗೆ ದಾಟಿಸಿ, ಮಣಿಕಟ್ಟು ತಿರುಗಿಸುತ್ತ ಟ್ರಿಗರ್ ಸಡಿಲಿಸಿದೆ. ಬಣ್ಣ ಅರ್ಧಕ್ಕೇ ನಿಂತರೂ ಕ್ಲಿಯರನ್ನು ಮೂರು ಪೀಸಿಗೂ ಅಂಚಿನಿಂದ ಅಂಚಿಗೆ ಹೊಡೆದೆ. ನಡುವೆ ನಿಲ್ಲಿಸಿದ ಕ್ಲಿಯರಿನ ಅಂಚು ಕೆಲವು ವರ್ಷಕ್ಕೆ ಎದ್ದು ಕಾಣುತ್ತದೆ.

ಬಂಪರನ್ನು ಮುಟ್ಟಲಿಲ್ಲ. ಮೇಷ್ಟ್ರು ಅದನ್ನೂ ಮಾಡಿಬಿಡು ಅಂದರು, ಖರ್ಚು ಹೇಗೂ ಬರುತ್ತದಲ್ಲ ಅಂದರು. ನಾನು ಬೇಡ ಅಂದೆ. ಮುಂದೆ, ಹಿಂದೆ ಎರಡೂ ಬಂಪರ್ ಒಂದೇ ಅಳತೆಗೆ ಗಾಢವಾಗಿದ್ದವು, ಪೇಂಟಿಗೆ ಯಾರೂ ಕೈಹಾಕಿರಲಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಕಂಪನಿ ಪೇಂಟ್ ಹಿಡಿದಷ್ಟು ಗಟ್ಟಿಯಾಗಿ ನಾವು ಹೊಡೆದಿದ್ದು ಹಿಡಿಯುವುದು ಕಷ್ಟ. ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅದನ್ನು ಕೆರೆದು ಹಾಕಲು ನನಗೆ ಮನಸ್ಸು ಬರಲಿಲ್ಲ.

ನಾಲ್ಕನೇ ದಿನ ಹನ್ನೆರಡು ಗಂಟೆಯ ಬಿಸಿಲಿಗೆ ಕಾರು ಹೊರಗೆ ತಂದೆ. ಮೇಷ್ಟ್ರು ನಾನು ಕೂತಿದ್ದ ಜಾಗದಲ್ಲೇ, ಹೆಡ್‌ಲೈಟಿನ ಪಕ್ಕ, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ನಿಧಾನಕ್ಕೆ ಕೂತರು. ಫೆಂಡರಿನಿಂದ ಡಿಕ್ಕಿಯವರೆಗೆ ಒಂದೇ ಗಾಢ ಬೂದಿ. ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು, ಏನೂ ಹೇಳಲಿಲ್ಲ.

ಹೊರಡುವಾಗ ಕೂಡಿದ ಕಾರ್ಡನ್ನು ಕಾರಿನ ಪೇಪರುಗಳ ಜೊತೆ ಇಟ್ಟುಕೊಳ್ಳಲು ಅವರಿಗೇ ಕೊಟ್ಟೆ. ಮುಂದೆ ಈ ಕಾರಿಗೆ ಯಾರೇ ಗನ್ ಹಿಡಿದರೂ ಅವರಿಗೆ ಬೇಕಾಗುತ್ತದೆ. ಅದರ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆದಿದ್ದೆ: ಎರಡನೇ ಫಾರ್ಮುಲಾ, 2 ಬಾರ್, 3 ಕೋಟು, ಬಿಳಿ ಹಾಕಿಲ್ಲ.