ಬೋರ್‌ವೆಲ್ ನೀರಲ್ಲಿ ಕೆಮಿಕಲ್ ಇದೆಯಾ? ಟಿಡಿಎಸ್ ಮೀಟರ್ ಹೇಳಲ್ಲ

ಅಕ್ಕಪಕ್ಕ ಫ್ಯಾಕ್ಟರಿಗಳಿವೆ, ಕುಡಿಯುವುದಕ್ಕೂ ಬೋರ್ ನೀರೇ ಗತಿ ಅಂತಿದ್ದರೆ, ಮೊದಲು ಆ ಟಿಡಿಎಸ್ ಮೀಟರನ್ನು ಪಕ್ಕಕ್ಕಿಡಿ. ಅದು ನೀರಲ್ಲಿ ಉಪ್ಪಿನಂಶ ಎಷ್ಟಿದೆ ಅಂತ ಅಂದಾಜು ಕೊಡುತ್ತದೆ, ಅಷ್ಟೇ. ಲೀಟರಿಗೆ 400 ಮಿಲಿಗ್ರಾಂ ಟಿಡಿಎಸ್ ಇರುವ ನೀರಿಗೆ 0.1 ಮಿಲಿಗ್ರಾಂ ಕ್ರೋಮಿಯಂ ಸೇರಿದರೆ, ಅದು ಕುಡಿಯುವ ನೀರಿನ ಮಿತಿಯ ಎರಡರಷ್ಟು, ಆದರೂ ಮೀಟರಿನ ಅಂಕಿ ಅಲುಗಾಡುವುದಿಲ್ಲ. ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಸಿಕ್ಕಿದ್ದು ಇದೇ ಕ್ರೋಮಿಯಂ. ಅದರಲ್ಲೂ ಜಾಸ್ತಿ ವಿಷವಾದ ಹೆಕ್ಸಾವೇಲೆಂಟ್ ರೂಪ, ಕ್ರೋಮ್ ಪ್ಲೇಟಿಂಗ್ ಮಾಡುವ ಕಡೆ ಬಳಸುವಂಥದ್ದು. ಕುದಿಸಿದರೂ ಹೋಗಲ್ಲ.

ಹಾಗಾಗಿ ಲ್ಯಾಬಿಗೇ ಕೊಡಬೇಕು. ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯಾ ಅಂತ ಕೇಳಿದರೆ ಸಾಲದು, ನಿಮಗೆ ಬೇಕಾದ ಆ ಪರೀಕ್ಷೆಗೇ ಮಾನ್ಯತೆ ಇದೆಯಾ ಅಂತ ಕೇಳಿ. ಅಗ್ಗದ ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಪಿಎಚ್, ಗಡಸುತನ, ಕ್ಲೋರೈಡ್ ಇಂಥವೇ ಇರುತ್ತವೆ, ಹೆವಿ ಮೆಟಲ್, ಅಂದರೆ ಕ್ರೋಮಿಯಂ, ಸೀಸದಂಥ ಲೋಹಗಳ ಪರೀಕ್ಷೆ ಬೇಕು ಅಂತ ಬಾಯಿಬಿಟ್ಟು ಹೇಳಬೇಕು. ಎಲ್ಲವನ್ನೂ ಮಾಡಿಸಿದರೆ ದುಡ್ಡು ಜಾಸ್ತಿ. ಪಕ್ಕದಲ್ಲಿ ಏನು ನಡೆಯುತ್ತಿದೆ ನೋಡಿ: ಪ್ಲೇಟಿಂಗ್ ಆದರೆ ಕ್ರೋಮಿಯಂ, ನಿಕ್ಕಲ್, ಹಳೇ ಬ್ಯಾಟರಿ ಕೆಲಸ ಆದರೆ ಸೀಸ.

ಸ್ಯಾಂಪಲ್ ತೆಗೆಯುವಾಗ ಮೋಟರ್ ಹತ್ತು ನಿಮಿಷ ಓಡಲಿ. ನೀರು ಸಂಪಿಗೆ, ಟ್ಯಾಂಕಿಗೆ, ಫಿಲ್ಟರಿಗೆ ಹೋಗುವ ಮೊದಲೇ ಹಿಡಿಯಿರಿ. ಬಾಟಲಿ ಲ್ಯಾಬಿನದ್ದೇ ಇರಲಿ. ಒಳಗೆ ಸ್ವಲ್ಪ ಆಸಿಡ್ ಇದ್ದರೆ ಕೊಳೆ ಅಂದುಕೊಂಡು ತೊಳೆಯಬೇಡಿ, ಲೋಹ ಬಾಟಲಿ ಗೋಡೆಗೆ ಅಂಟದಿರಲಿ ಅಂತ ಅವರೇ ಹಾಕಿರುತ್ತಾರೆ.

ರಿಪೋರ್ಟ್ ಬಂದಮೇಲೆ ಹೋಲಿಸಬೇಕಾದ್ದು ಐಎಸ್ 10500:2012 ಎಂಬ ಕುಡಿಯುವ ನೀರಿನ ಮಾನದಂಡಕ್ಕೆ. ಲೀಟರಿಗೆ ಸೀಸ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003, ಪಾದರಸ 0.001, ನಿಕ್ಕಲ್ 0.02, ಒಟ್ಟು ಕ್ರೋಮಿಯಂ 0.05. ಬೇರೆ ನೀರೇ ಸಿಗದಿದ್ದರೆ ಟಿಡಿಎಸ್‌ಗೆ 500ರಿಂದ 2000ದವರೆಗೆ ವಿನಾಯಿತಿ ಇದೆ, ಈ ಐದಕ್ಕೆ ಅದೂ ಇಲ್ಲ. ಕೆಲವರು ಮೈಕ್ರೋಗ್ರಾಂನಲ್ಲಿ ಬರೆದಿರುತ್ತಾರೆ, ಸಾವಿರದಿಂದ ಭಾಗಿಸಿ ನೋಡಿ. ಇನ್ನೊಂದು, ತುಂಬಾ ಜನ ಮೋಸ ಹೋಗುವುದೇ ಇಲ್ಲಿ: 'ಬಿಡಿಎಲ್' (ಬಿಲೋ ಡಿಟೆಕ್ಷನ್ ಲಿಮಿಟ್) ಅಂತ ಬರೆದಿದ್ದರೆ ನೀರಲ್ಲಿ ಅದು ಇಲ್ಲ ಅಂತಲ್ಲ, ಲ್ಯಾಬಿನ ಯಂತ್ರಕ್ಕೆ ಕಾಣಲಿಲ್ಲ ಅಂತ. ಆ ಯಂತ್ರಕ್ಕೆ ಸೀಸ 0.05ರ ಮೇಲಿದ್ದರೆ ಮಾತ್ರ ಕಾಣುತ್ತದೆ ಅಂದರೆ, 0.01ರ ಮಿತಿಗೆ ಆ ರಿಪೋರ್ಟ್ ಯಾತಕ್ಕೂ ಬರಲ್ಲ, ಅಲ್ವಾ?

ಜಾಸ್ತಿ ಬಂತು ಅನ್ನಿ. ನಿಮ್ಮ ರಿಪೋರ್ಟ್ ಬೋರ್ ಕೆಟ್ಟಿದೆ ಅನ್ನುತ್ತದೆಯೇ ಹೊರತು ಯಾರು ಕೆಡಿಸಿದರು ಅಂತ ಹೇಳಲ್ಲ. ಅದಕ್ಕೆ ಫ್ಯಾಕ್ಟರಿ ಹೊರಬಿಡುವ ನೀರನ್ನೇ ಪರೀಕ್ಷಿಸಬೇಕು, ಆ ಅಧಿಕಾರ 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿಗಿದೆ. ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೊಡಿ, ರಿಪೋರ್ಟಿನ ಪ್ರತಿ ಲಗತ್ತಿಸಿ, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಂಡೇ ಬನ್ನಿ. ಸುಮ್ನೆ ಫೋನ್ ಮಾಡಿದರೆ ಯಾವ ದಾಖಲೆಯೂ ಉಳಿಯಲ್ಲ. ಜೊತೆಗೇ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಆ ಫ್ಯಾಕ್ಟರಿ ನಡೆಸಲು ಮಂಡಳಿ ಕೊಟ್ಟಿರುವ ಸಮ್ಮತಿ ಪತ್ರ ಮತ್ತು ತಪಾಸಣಾ ವರದಿಗಳ ಪ್ರತಿ ಕೇಳಿ, ಉತ್ತರ ಕೊಡಲು 30 ದಿನ ಗಡುವು. ಮಂಡಳಿ ಮನಸ್ಸು ಮಾಡಿದರೆ ಅದೇ ಜಲ ಕಾಯ್ದೆಯ 33ಎ ಸೆಕ್ಷನ್ನಿನಡಿ ಕರೆಂಟ್ ತೆಗೆಸಿ ಬಾಗಿಲು ಮುಚ್ಚಿಸಬಹುದು. ಮನಸ್ಸು ಮಾಡದಿದ್ದರೆ ಮುಂದಿನ ದಾರಿ ಪರಿಸರದ ಕೇಸುಗಳನ್ನು ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಕರ್ನಾಟಕದ ನಮಗೆ ಚೆನ್ನೈ ಪೀಠ.

ಅಷ್ಟರವರೆಗೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಡಿ. ಯುವಿ ಫಿಲ್ಟರ್ ಲೋಹ ತೆಗೆಯಲ್ಲ. ಆರ್‌ಒ ಬಹುಪಾಲು ತೆಗೆಯುತ್ತದೆ, ಆದರೂ ಅದರಿಂದ ಬರುವ ನೀರನ್ನು ಒಮ್ಮೆ ಟೆಸ್ಟ್ ಮಾಡಿಸಿ. ಆರ್‌ಒದ ವೇಸ್ಟ್ ನೀರನ್ನು ಸೊಪ್ಪಿನ ಮಡಿಗೆ ಬಿಡುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ತೆಗೆದ ಕ್ರೋಮಿಯಂ ಎಲ್ಲಾ ಇರುವುದು ಅದರಲ್ಲೇ.