ಟ್ಯೂನಾ ಲಾಂಗ್‌ಲೈನ್ ಬೋಟಿಗೆ ಕ್ಯಾಮೆರಾ ಕೂರಿಸುವ ಬಗೆ

ಲಾಂಗ್‌ಲೈನ್, ಅಂದರೆ ಸಾಲಾಗಿ ಗಾಳ ಕಟ್ಟಿದ ಉದ್ದನೆಯ ಹಗ್ಗ ಬಿಟ್ಟು ಹಿಡಿಯುವ ಯೆಲ್ಲೋಫಿನ್ ಟ್ಯೂನಾ ಒಂದೇ ದೇಶದ ನೀರಿನಲ್ಲಿ ನಿಲ್ಲುವ ಮೀನಲ್ಲ. ಒಂದು ದೇಶ ಹಿಡಿದ ಮೀನಿನ ಲೆಕ್ಕ ತಪ್ಪು ಕೊಟ್ಟರೆ ಉಳಿದವರ ಅಂದಾಜೂ ಕೆಡುತ್ತದೆ. ಅದಕ್ಕೇ ಭಾರತ, ಶ್ರೀಲಂಕಾ, ಮಾಲ್ಡೀವ್ಸ್, ಇಂಡೋನೇಷ್ಯಾ ಮೊದಲಾದವು ಹಿಂದೂ ಮಹಾಸಾಗರ ಟ್ಯೂನಾ ಆಯೋಗದಲ್ಲಿ ಒಟ್ಟಾಗಿವೆ. ಕಚೇರಿ ಸೆಷೆಲ್ಸ್‌ನ ವಿಕ್ಟೋರಿಯಾದಲ್ಲಿದೆ. 24 ಮೀಟರ್ ಮತ್ತು ಅದಕ್ಕಿಂತ ಉದ್ದದ ಬೋಟುಗಳಿಗೆ, ಹಾಗೂ ತಮ್ಮ ದೇಶದ ಆರ್ಥಿಕ ವಲಯದಾಚೆ (ದೇಶಕ್ಕೆ ಮೀನಿನ ಹಕ್ಕಿರುವ ಸಮುದ್ರದಾಚೆ) ಹಿಡಿಯುವ ಚಿಕ್ಕ ಬೋಟುಗಳಿಗೆ, ಆಯೋಗ ಉಪಗ್ರಹ ಟ್ರ್ಯಾಕರ್ ಕಡ್ಡಾಯ ಮಾಡಿದೆ. 2023ರಲ್ಲಿ ಕ್ಯಾಮೆರಾ ನಿಗಾಕ್ಕೂ ಮಾನದಂಡ ಒಪ್ಪಿತು. ಬೋಟು ಎಲ್ಲಿತ್ತೆಂದು ಟ್ರ್ಯಾಕರ್ ಹೇಳುತ್ತದೆ, ಗಾಳದಲ್ಲಿ ಏನು ಬಂತೆಂದು ಕ್ಯಾಮೆರಾ ಮಾತ್ರ ಹೇಳಬಲ್ಲದು.

ಮಧ್ಯಮ ಗಾತ್ರದ ಬೋಟಿಗೆ ನಾಲ್ಕು ಕ್ಯಾಮೆರಾ ಸಾಕು. ಒಂದು ಹಿಂಬದಿಯಲ್ಲಿ, ಗಾಳ ಬಿಡುವುದು ಕಾಣುವಂತೆ. ಎರಡು ಡೆಕ್ಕಿನ ಮೇಲೆ, ಮೀನು ಅಳೆದು ಕೊಯ್ಯುವ ಜಾಗಕ್ಕೆ. ನಾಲ್ಕನೆಯದೇ ಮುಖ್ಯ. ಲೈನ್ ಎಳೆಯುವ ಬದಿಯಲ್ಲಿ, ಬೋಟಿನ ಅಂಚಿನಿಂದ ಹೊರಗೆ ಚಾಚಿದ ಕಂಬಿಯ ಮೇಲೆ, ನೀರಿನತ್ತ ನೇರ ಕೆಳಗೆ ನೋಡುವಂತೆ ಅದನ್ನು ಕೂರಿಸಿ. ಉದ್ದ ಬಾಲದ ತ್ರೆಷರ್ ಶಾರ್ಕನ್ನು ಬೋಟಿನಲ್ಲಿ ಇಟ್ಟುಕೊಳ್ಳದೆ ಬಿಡಬೇಕು, ಕಡಲಾಮೆಯನ್ನು ಗಾಳ ಬಿಡಿಸಿ ಜೀವಂತ ಬಿಡಬೇಕು. ಇವೆಲ್ಲ ನಡೆಯುವುದು ಅಂಚಿನಾಚೆ, ನೀರಿನ ಮಟ್ಟದಲ್ಲಿ. ಡೆಕ್ ಕ್ಯಾಮೆರಾಕ್ಕೆ ಅದು ಕಾಣದು. ಆಮೆ ಬಿಟ್ಟದ್ದಕ್ಕೆ ಸಾಕ್ಷಿ ಇಲ್ಲದಿದ್ದರೆ ತಾಂಡೇಲನ (ಬೋಟು ನಡೆಸುವವನ) ಒಳ್ಳೆಯ ಕೆಲಸವೂ ಲೆಕ್ಕಕ್ಕೆ ಬಾರದು.

ಅಳೆಯುವ ಜಾಗದಲ್ಲಿ ಹತ್ತು ಹತ್ತು ಸೆಂಟಿಮೀಟರಿಗೆ ಬಣ್ಣದ ಗೆರೆ ಎಳೆಯಿರಿ. ಟ್ಯೂನಾ ಅಳೆಯುವುದು ಮೂತಿಯ ತುದಿಯಿಂದ ಬಾಲದ ಕವಲಿನವರೆಗೆ, ಬಾಲದ ತುದಿಯವರೆಗಲ್ಲ. ರಾತ್ರಿಯ ಎಳೆತಕ್ಕೆ ಹಾಕುವ ಲೈಟು ಕ್ಯಾಮೆರಾದ ಹಿಂದಿರಲಿ. ಎದುರಿದ್ದರೆ ಮೀನು ಬರೀ ಕಪ್ಪು ನೆರಳಾಗಿ ಕಾಣುತ್ತದೆ.

ರೆಕಾರ್ಡರಿಗೆ 24 ವೋಲ್ಟಿನ ಪ್ರತ್ಯೇಕ ಬ್ರೇಕರ್ ಮತ್ತು ಯುಪಿಎಸ್ ಕೊಡಿ. ಬೇರೆ ಮೋಟಾರುಗಳ ಲೈನಿಗೇ ಕಟ್ಟಿದರೆ ಮೋಟಾರು ಶುರುವಾಗುವಾಗ ವೋಲ್ಟೇಜ್ ಕುಸಿದು ರೆಕಾರ್ಡರ್ ರೀಸ್ಟಾರ್ಟ್ ಆಗುತ್ತದೆ, ಎಳೆತದ ಮೊದಲ ನಿಮಿಷಗಳೇ ಹೋಗುತ್ತವೆ. ಎಳೆಯುವ ಯಂತ್ರದ ಹೈಡ್ರಾಲಿಕ್ ಪೈಪಿಗೆ ಪ್ರೆಶರ್ ಸೆನ್ಸರ್ ಹಾಕಿದರೆ ಕೆಲಸ ಶುರುವಾದಾಗ ರೆಕಾರ್ಡಿಂಗ್ ತಾನೇ ಶುರುವಾಗುತ್ತದೆ. ನಿಂತ ಮೇಲೂ ಅರ್ಧ ಗಂಟೆ ಓಡಲಿ, ಡೆಕ್ಕಿನಲ್ಲಿ ಇನ್ನೂ ಮೀನಿರುತ್ತದೆ. ಜಿಪಿಎಸ್ ಆಂಟೆನಾ ರೇಡಾರಿನ ಕಿರಣಕ್ಕೆ ಸಿಗದ ಎತ್ತರದಲ್ಲಿರಲಿ. ಕೇಬಲ್ ಕ್ಯಾಮೆರಾಕ್ಕೆ ಸೇರುವ ಮೊದಲು ಕೆಳಗೆ ಒಂದು ಸುತ್ತು ಜೋಲು ಬಿಡಿ, ಉಪ್ಪುನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಡಿಸ್ಕಿನ ಲೆಕ್ಕ ಸುಲಭ. ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾ ಗಂಟೆಗೆ 0.9 ಜಿಬಿ ತುಂಬುತ್ತದೆ. ನಾಲ್ಕು ಕ್ಯಾಮೆರಾ ದಿನಕ್ಕೆ 12 ಗಂಟೆ ಓಡಿದರೆ ಸುಮಾರು 43 ಜಿಬಿ, 60 ದಿನಕ್ಕೆ 2.6 ಟಿಬಿ. 4 ಟಿಬಿಯ ಎರಡು ಡಿಸ್ಕ್ ಒಯ್ಯಿರಿ.

ಗಾಜು ಒರೆಸುವುದೇ ಹೆಚ್ಚಿನವರು ಮರೆಯುವ ಕೆಲಸ. ಅಲೆಯ ಹನಿ ಒಣಗಿದಲ್ಲಿ ಉಪ್ಪಿನ ಬಿಳಿ ಪೊರೆ ಕೂರುತ್ತದೆ, ಅದರ ಮೇಲೆ ಮೀನಿನ ರಕ್ತ ಹಾರಿದರೆ ಅಂಟಿಕೊಳ್ಳುತ್ತದೆ. ಪ್ರತಿ ಎಳೆತಕ್ಕೆ ಮೊದಲು ಸಿಹಿನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಇಂಜಿನ್ ಕೋಣೆಯ ಡೀಸೆಲ್ ಬಟ್ಟೆ ಬೇಡ, ಎಣ್ಣೆಯ ಪಸೆ ಉಳಿದು ಚಿತ್ರ ಮಸುಕಾಗುತ್ತದೆ. ಈ ಕೆಲಸ ಒಬ್ಬ ಕಲಾಸಿಯ (ಬೋಟಿನ ಕೆಲಸಗಾರನ) ಹೆಸರಿಗೆ ಬರೆದಿರಲಿ. ಕ್ಯಾಮೆರಾ ಎಲ್ಲೆಲ್ಲಿದೆ ಎಂದೂ, ಮಲಗುವ ಜಾಗ, ಅಡುಗೆಮನೆ ಅದರಲ್ಲಿ ಕಾಣುವುದಿಲ್ಲ ಎಂದೂ ಎಲ್ಲರಿಗೂ ಅವರವರ ಭಾಷೆಯಲ್ಲಿ ಮೊದಲೇ ಹೇಳಿ. ಹೇಳದೆ ಕೂರಿಸಿದ ಕ್ಯಾಮೆರಾಕ್ಕೆ ಟವೆಲು ಬೀಳುತ್ತದೆ.

ಟ್ರ್ಯಾಕರ್ ಕೆಟ್ಟರೆ ಕೂಡಲೇ ದಡದ ನಿಗಾ ಕೇಂದ್ರಕ್ಕೆ ತಿಳಿಸಿ, ರೇಡಿಯೊ ಅಥವಾ ಇಮೇಲ್ ಮೂಲಕ ದಿನಕ್ಕೊಮ್ಮೆಯಾದರೂ ಸ್ಥಾನ ಕಳಿಸುತ್ತಿರಿ. ಒಂದು ತಿಂಗಳೊಳಗೆ ಸರಿಪಡಿಸಬೇಕು. ಆಮೇಲೆ ಕೆಟ್ಟ ಟ್ರ್ಯಾಕರ್ ಇಟ್ಟುಕೊಂಡು ಹೊಸ ಟ್ರಿಪ್ ಹೊರಡುವಂತಿಲ್ಲ.

ದಡಕ್ಕೆ ಬಂದ ಮೇಲೆ ಡಿಸ್ಕಿನ ಸೀರಿಯಲ್ ನಂಬರ್, ಸೀಲ್ ನಂಬರ್, ಕೊಟ್ಟವರ ಮತ್ತು ಪಡೆದವರ ಸಹಿ ಒಂದೇ ಹಾಳೆಯಲ್ಲಿರಲಿ. ಪರಿಶೀಲಿಸುವವರು ನೋಡಬೇಕಾದ ಎಳೆತಗಳನ್ನು ಚೀಟಿ ಎತ್ತಿದಂತೆ ಆರಿಸಿ, ಅದರಲ್ಲಿ ಎಣಿಸಿದ ಮೀನನ್ನು ಲಾಗ್‌ಬುಕ್ಕಿನೊಂದಿಗೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ತಾಂಡೇಲನನ್ನು ದೂರುವ ಮೊದಲು ಗಡಿಯಾರ ನೋಡಿ. ಟ್ರ್ಯಾಕರ್, ಕ್ಯಾಮೆರಾ ಯುಟಿಸಿಯಲ್ಲಿದ್ದು (ಜಗತ್ತಿಗೆಲ್ಲ ಒಂದೇ ಆದ ಸಮಯ) ಲಾಗ್‌ಬುಕ್ ಭಾರತದ ಸಮಯದಲ್ಲಿದ್ದರೆ ಐದೂವರೆ ಗಂಟೆ ಅಂತರ. 15ನೇ ತಾರೀಖು ಬೆಳಗಿನ ಜಾವ 3:30ಕ್ಕೆ ಬಿಟ್ಟ ಗಾಳ ವಿಡಿಯೊದಲ್ಲಿ 14ರ ರಾತ್ರಿ 10 ಗಂಟೆ ಎಂದಿರುತ್ತದೆ. ಹೊರಡುವ ದಿನವೇ ಮೂರನ್ನೂ ಯುಟಿಸಿಗೆ ಹೊಂದಿಸಿ, ಲಾಗ್‌ಬುಕ್ಕಿನ ಮೊದಲ ಪುಟದಲ್ಲಿ ಹಾಗೆಂದು ಬರೆದಿಡಿ.