ಕೊಂಬೆ ಬಿದ್ದಲ್ಲಿ ಸೀತಾಳೆ ಹುಡುಕಿದ್ದು: ನನ್ನ ಅನುಭವ

ಕಾಟೋನಿಯಾ ಸಿಕ್ತು ಮಾರಾಯ್ರೇ, ಮರದ ಮೇಲೆ ಬೆಳೆಯೋ ಒಂದು ಸೀತಾಳೆ (ಆರ್ಕಿಡ್)! ಅದೂ ಶಿರಸಿ-ಕುಮಟಾ ದಾರಿಯ ದೇವಿಮನೆ ಘಟ್ಟದಲ್ಲಿ, ರಸ್ತೆಯಿಂದ ಹತ್ತು ಹೆಜ್ಜೆ ಒಳಗಿನ ಮರದ ಮುರಿದ ಕೊಂಬೇಲಿ. ನಾನು ಬಿದ್ದ ಕೊಂಬೆ ನೋಡ್ತಾ ತಿರುಗೋದು ಕಂಡು ‘ಕಟ್ಟಿಗೆ ಹೆಕ್ಕಲೆ ಹೊಂಟ್ಯನ’ ಅಂತ ನಕ್ಕೋರೆಲ್ಲ ಈಗ ಯಾವ ತಿರುವು ಅಂತ ಫೋನ್ ಮಾಡ್ತಿದಾರೆ. ಹೇಳಲ್ಲ.

ಮೊದಲೆರಡು ವರ್ಷ ನಾನೂ ಎಲ್ಲರ ಹಾಗೇ ದಟ್ಟ ಕಾಡೇ ಬೇಕು ಅಂತ ಕತ್ತಲೆಕಾನು ಕಡೆ ಅಲೆದೆ, ಅದೂ ಜುಲೈ ಮಳೇಲಿ. ಉಂಬಳಕ್ಕೆ ರಕ್ತ ಕೊಟ್ಟಿದ್ದೇ ಬಂತು. ಮರದ ಮೇಲಿನ ಸೀತಾಳೆಗಳು ಬಹುತೇಕ ಅಷ್ಟೊತ್ತಿಗೆ ಹೂ ಮುಗಿಸಿರ್ತವೆ, ಬರೀ ಎಲೆ ನೋಡಿ ವಂಡಾ ಅನ್ನೋ ಸೀತಾಳೆನೋ ಕಾಟೋನಿಯಾನೋ ಹೇಳೋಕಾಗತ್ತಾ? ನೆಲದಲ್ಲಿ ಬೆಳೆಯೋ ಸೀತಾಳೆ ಹಬೆನೇರಿಯಾ ಬೆಳ್ಳಗೆ ಅರಳಿದ್ದು ಸಿಕ್ತು ಅನ್ನಿ. ಒಂದ್ಸಲ ಜೀಪು, ದಾರಿ ತೋರ್ಸೋನು ಎಲ್ಲ ಸೇರಿ ನಾಲ್ಕು ಸಾವಿರದ ಹತ್ರ ಹೋಯ್ತು, ಆ ಪುಣ್ಯಾತ್ಮ ಮಾವಿನ ಮರದ ಬಂದಳಿಕೆ ತೋರ್ಸಿ ‘ಇದೇ ಸಾರ್ ಅಪರೂಪದ ಸೀತಾಳೆ’ ಅಂದ!

ನನ್ನ ಕೆಲಸ ಶಿರಸಿ-ಕುಮಟಾ ಓಡಾಟದ್ದು, ವಾರಕ್ಕೆರಡು ಸಲ ಬೈಕಲ್ಲಿ. ಒಂದ್ ಮೇ ತಿಂಗಳಲ್ಲಿ ರಾತ್ರಿ ಗಾಳಿ-ಮಳೆ ಹೊಡೆದು ಬೆಳಿಗ್ಗೆ ಮತ್ತಿ ಮರದ ಕೊಂಬೆ ದಾರಿಗಡ್ಡ ಬಿದ್ದಿತ್ತು, ಸರಿಸೋಕೆ ಇಳಿದ್ರೆ ತೊಗಟೆ ಮೇಲೆ ಎರಡು ಜಾತಿ ಡೆಂಡ್ರೋಬಿಯಂ, ಒಂದು ಒಬೆರೋನಿಯಾ, ಎಲ್ಲಾ ಸೀತಾಳೆಗಳೇ. ಅಲ್ಲಾ, ಅರವತ್ತಡಿ ಮೇಲಿರೋದು ಕಾಲಬುಡಕ್ಕೇ ಬಂದಿದೆ, ನಾನು ಕುತ್ತಿಗೆ ನೋಯಿಸ್ಕೊಂಡು ಮೇಲೆ ನೋಡ್ತಿದೀನಿ! ಅವತ್ತಿಂದ ಗಾಳಿ ಬಂದ ಮಾರನೇ ದಿನ ಕೊಂಬೆ ನೋಡೋದು, ಅದು ಯಾವ ಮರದ್ದು ಅಂತ ಹಿಡಿಯೋದು, ಆಮೇಲೆ ಆ ಮರಕ್ಕೆ ಬೈನಾಕ್ಯುಲರ್ ಹಾಕೋದು (ಸೆಕೆಂಡ್ ಹ್ಯಾಂಡ್, ಎರಡು ಸಾವಿರ ಚಿಲ್ರೆ). ನಲವತ್ತೈವತ್ತು ಕೊಂಬೆ ನೋಡಿದ್ರೆ ಏಳೆಂಟರಲ್ಲಿ ಏನಾದ್ರೂ ಇರತ್ತೆ. ದೂರದಿಂದ್ಲೇ ಯಾವುದಕ್ಕೆ ಬೈಕ್ ನಿಲ್ಲಿಸ್ಬೇಕು ಅಂತ ಗೊತ್ತಾಗೋಕೆ ಒಂದು ಗುಟ್ಟಿದೆ, ಅದು ನಂಗಿರ್ಲಿ.

ಕಾಡಿಂದು ಮನೆಗೆ ತರೋದಿಲ್ಲ, ಫೋಟೋ ಅಷ್ಟೇ. ಆದ್ರೆ ನಮ್ಮ ಹಿತ್ಲ ಮಾವಿನಿಂದ್ಲೇ ಬಿದ್ದ ಸೀತಾಳೆ ದಂಡೆ (ಇದೂ ಒಂದು ಜಾತಿ ಸೀತಾಳೆ) ಮೂರು ಬುಡ ಹಲಸಿನ ಮರಕ್ಕೆ ಬಾಳೆಪಟ್ಟೇಲಿ ಕಟ್ಟಿ ನೋಡಿದೆ. ತೆಂಗಿನ ಸಿಪ್ಪೆ ಸುತ್ತಿ ದಿನಾ ನೀರು ಹಾಕಿದ ಎರಡೂ ಕೊಳೆತ್ವು, ಮರೆತೇಬಿಟ್ಟಿದ್ದು ಬೇರು ಬಿಡ್ತು. ಎರಡನೇ ವರ್ಷ ಜಡೆ ಹಾಗೆ ಹೂ ಇಳಿಬಿಟ್ಟಾಗ ಆಯಿ ದೇವ್ರಿಗೆ ಅಂತ ಕೊಯ್ಯೋಕೆ ಹೊರಟಿದ್ಲು, ತಡೆಯೋದೇ ಒಂದು ಕೆಲಸ ಆಯ್ತು.

ಕಾಟೋನಿಯಾ ಕಂಡಿದ್ದು ಈ ಏಪ್ರಿಲ್ ಕೊನೇಲಿ. ಮುರಿದ ಕೊಂಬೆ, ತೆಳ್ಳಗಿನ ಉದ್ದ ದಂಟು, ತುದೀಲಿ ಜೇನುನೊಣ ಕೂತಿತ್ತು. ಕಪ್ಪುಗೆಂಪು ಮಖಮಲ್ಲು, ಅಂಚಿಗೆ ಹಳದಿ. ಉಫ್ ಅಂತ ಊದಿದೆ, ಹಾರ್ಲಿಲ್ಲ. ಹೂವೇ ಅದು! ಹಿಂದೆ ಕುಮಟಾ ಬಸ್ಸು ಹಾರ್ನ್ ಹೊಡೀತಾನೇ ಇತ್ತು, ಬೈಕು ರಸ್ತೆ ಮಧ್ಯೇನೇ ಬಿಟ್ಟಿದ್ದೆ.